ತೊಟ್ಟಿಲಿಗೇರಿದ ಪದ್ಮಿನಿ

"ಅಮ್ಮಾ, ಕಾರನ್ನು ತೊಟ್ಟಿಲಿಗೆ ಹಾಕ್ತಾರಂತೆ, ಹೌದಾ?"

ದಸರಾ ರಜೆ ಸಿಕ್ಕಿದ ಮರುದಿನ ನನ್ನ ಮಗಳು ಪುಟ್ಟಿ ಕೇಳಿದ ಪ್ರಶ್ನೆ ಇದು. ನಾವು ಮೈಸೂರಿಗೆ ಹೊರಟಿದ್ದೆವು. ಎಲ್ಲರೂ ಹೋಗುವುದು ಜಂಬೂ ಸವಾರಿ ನೋಡಲು. ನಾವು ಮೂವರು ಹೊರಟಿದ್ದು ನಮ್ಮ ಹಳೇ ಕಾರು ತಲೆಕೆಳಗಾಗುವುದನ್ನು ನೋಡಲು!

ಮೂವರು ಎಂದರೆ ನಾನು, ಪುಟ್ಟಿ ಮತ್ತು ನನ್ನ ಅಪ್ಪಯ್ಯ. ಅಪ್ಪಯ್ಯನಿಗೆ ಈಗ ಎಂಬತ್ತೊಂದು ವರ್ಷ. ಕುಂದಾಪುರ ಸೀಮೆಯಲ್ಲಿ ದನದ ಡಾಕ್ಟರಾಗಿ ಸುತ್ತದ ಊರಿಲ್ಲ, ಮೆಟ್ಟದ ಕೊಟ್ಟಿಗೆಯಿಲ್ಲ. ಆ ಸುತ್ತಾಟಕ್ಕೆಲ್ಲ ಜೊತೆಯಾದದ್ದು 1979ರ ಮಾದರಿಯ ಒಂದು ಪ್ರೀಮಿಯರ್ ಪದ್ಮಿನಿ. ಮುಂಬೈಯಲ್ಲಿ ಹೋಟೆಲು ನಡೆಸುತ್ತಿದ್ದ ನೆಂಟರೊಬ್ಬರು ಊರಿಗೆ ವಾಪಸಾದಾಗ ತಂದ ಕಾರು ಅದು. 1986ರಲ್ಲಿ ಅಪ್ಪಯ್ಯನ ಕೈಗೆ ಬಂತು.

ಪದ್ಮಿನಿಯ ಮೂಲ ವಿನ್ಯಾಸ ಇಟಲಿಯ ಫಿಯೆಟ್ 1100ರದ್ದು. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಅದನ್ನು ತಯಾರಿಸುತ್ತಿತ್ತು. 'ಪದ್ಮಿನಿ' ಎಂಬ ಹೆಸರು ಬಂದಮೇಲೂ ನಮ್ಮೂರಲ್ಲಿ ಎಲ್ಲರೂ ಅದನ್ನು ಫಿಯೆಟ್ ಎಂದೇ ಕರೆದರು. 1089 ಸಿ.ಸಿ. ಇಂಜಿನ್, ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಕಡ್ಡಿ, ಮುಂದೆಯೂ ಮೂರು ಜನ ಕೂರಬಹುದಾದ ಉದ್ದನೆಯ ಸೀಟು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳು ನೆನಪಿವೆಯಲ್ಲ, ಅದೇ ಕಾರು. ಆ ಟ್ಯಾಕ್ಸಿಗಳಲ್ಲಿ ಕೊನೆಯದು ರಸ್ತೆ ಬಿಟ್ಟದ್ದು 2023ರ ಅಕ್ಟೋಬರ್ ಕೊನೆಗೆ.

ನಮ್ಮ ಕಾರು ದಿನವೂ ಓಡಾಡಿದ್ದು ಮರವಂತೆಯ ರಸ್ತೆಯಲ್ಲಿ. ಆ ಕಡೆ ಬಂದವರಿಗೆ ಗೊತ್ತು, ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ನೋಡಲು ಸ್ವರ್ಗ. ಆದರೆ ಕಾರಿಗೆ? ಕಬ್ಬಿಣ, ನೀರು, ಗಾಳಿ ಮೂರೂ ಸೇರಿದರೆ ತುಕ್ಕು ಹಿಡಿಯುತ್ತದೆ. ಆ ನೀರಿನಲ್ಲಿ ಉಪ್ಪೂ ಇದ್ದರೆ ಇನ್ನೂ ಬೇಗ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರ ಮೇಲೆ ಉಪ್ಪಿನ ಗಾಳಿ. "ಸಮುದ್ರದ ಗಾಳಿ ಕಬ್ಬಿಣನೂ ತಿಂತ್" ಎಂದು ಅಪ್ಪಯ್ಯ ಹೇಳುತ್ತಲೇ ಇರುತ್ತಾರೆ.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಹಿಂದಿನ ಸೀಟಿನ ಎದುರು, ಕಾಲಿಡುವ ಜಾಗದಲ್ಲಿ ಅಂಗೈಯಗಲದ ಒಂದು ತೂತಾಗಿತ್ತು. ಮ್ಯಾಟು ಸರಿಸಿ ನೋಡಿದರೆ ಕೆಳಗೆ ರಸ್ತೆ ಓಡುತ್ತಿತ್ತು! ಡಾಂಬರು, ಮರಳು, ಸಗಣಿ, ಮತ್ತೆ ಡಾಂಬರು. ನನಗೆ ಅದು ಟಿ.ವಿ.ಗಿಂತ ಚೆಂದ. ಒಂದು ದಿನ ಮರವಂತೆ ದಾಟುವಾಗ ನನ್ನ ಒಂದು ಹವಾಯಿ ಚಪ್ಪಲಿ ಆ ತೂತಿನಲ್ಲಿ ಬಿದ್ದುಹೋಯಿತು. ಮರುದಿನ ಬೆಳಿಗ್ಗೆ ನೋಡಿದರೆ ತೂತು ಮುಚ್ಚಿತ್ತು. ನನ್ನ ಕಿಟಕಿ ಹೋಯಿತೆಂದು ಎರಡು ದಿನ ಅಪ್ಪಯ್ಯನ ಹತ್ತಿರ ಮಾತು ಬಿಟ್ಟಿದ್ದೆ.

ಆಮೇಲೆ ಕಾರು ಹಳತಾಯಿತು, ಅಪ್ಪಯ್ಯನಿಗೂ ವಯಸ್ಸಾಯಿತು. ಹನ್ನೆರಡು ವರ್ಷ ಅದು ತೆಂಗಿನ ಗರಿಯ ಚಪ್ಪರದಲ್ಲಿ ನಿಂತೇ ಇತ್ತು. ಗುಜರಿಯವರು ಎರಡು ಸಲ ಬಂದು ಬೆಲೆ ಕೇಳಿ ಹೋದರು. ಅಪ್ಪಯ್ಯ ಬಾಯಿಬಿಟ್ಟು ಬೇಡ ಎನ್ನಲಿಲ್ಲ. ಆದರೆ ಅವರು ಬಂದ ದಿನ ಊಟ ಸರಿಯಾಗಿ ಮಾಡುತ್ತಿರಲಿಲ್ಲ. ಕೊನೆಗೆ ಮೈಸೂರಿನಲ್ಲಿರುವ ನನ್ನ ತಮ್ಮ ತನಗೆ ಗೊತ್ತಿದ್ದ ಒಬ್ಬ ಟಿಂಕರಿಂಗ್ ಮೇಸ್ತ್ರಿಗೆ ಕಾರಿನ ಫೋಟೋ ತೋರಿಸಿದ. ಮೇ ತಿಂಗಳಲ್ಲಿ, ಮಳೆ ಶುರುವಾಗುವ ಮೊದಲೇ, ಕಾರು ಲಾರಿ ಹತ್ತಿ ಘಟ್ಟ ಏರಿತು.

ಈಗ ಅದೇ ದಾರಿಯಲ್ಲಿ ನಾವು. ಉಡುಪಿ, ಮಂಗಳೂರು ದಾಟಿ ಮಾಣಿಯಲ್ಲಿ ತಿರುಗಿ ಪುತ್ತೂರು, ಸುಳ್ಯ. ಸಂಪಾಜೆಯಲ್ಲಿ ಘಟ್ಟ ಶುರು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಿದ್ದ ಜೋಡುಪಾಲ, ಮದೆನಾಡಿನ ತಿರುವುಗಳಲ್ಲಿ ಪುಟ್ಟಿ ಕಿಟಕಿಗೆ ಮೂಗೊತ್ತಿ ಕುಳಿತಳು. ಮಡಿಕೇರಿಯಲ್ಲಿ ಮಂಜು, ಕುಶಾಲನಗರದಲ್ಲಿ ಬಿಸಿಲು, ಹುಣಸೂರು ದಾಟಿದ ಮೇಲೆ ಬಯಲು. "ಇಲ್ಲಿ ಗಾಳಿ ಒಣ ಇದೆ, ಅಜ್ಜ" ಎಂದಳು ಪುಟ್ಟಿ. ನಿಜ. ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ನಮ್ಮಲ್ಲಿನ ಐದನೆಯ ಒಂದು ಪಾಲು. ತುಕ್ಕು ಬಿಡಿಸಿ ಹೊಸ ಬಣ್ಣ ಹಚ್ಚುವ ಕೆಲಸಕ್ಕೆ ಇಂಥ ಊರೇ ಸರಿ.

ಆ ರಾತ್ರಿ ಅರಮನೆಯ ದೀಪ ನೋಡಿದೆವು. ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಲೇ ಹತ್ತಿಕೊಂಡಾಗ ಪುಟ್ಟಿ ಕಿರುಚಿದಳು. ಅಪ್ಪಯ್ಯ ಮಾತ್ರ ನನ್ನ ಕಿವಿಯ ಹತ್ತಿರ ಬಾಗಿ, "ಬಂಪರಿನ ಹತ್ರ ಗಟ್ಟಿ ಇದ್ದೀತಾ?" ಎಂದು ಕೇಳಿದರು.

ಆ ಪ್ರಶ್ನೆಗೆ ಕಾರಣವಿತ್ತು. ಮೇಸ್ತ್ರಿ ಫೋನಿನಲ್ಲಿ ಹೇಳಿಬಿಟ್ಟಿದ್ದರು: "ತೊಟ್ಟಿಲು ಹಿಡಿಯೋದು ಬಂಪರ್ ಕೂರುವ ಜಾಗದಲ್ಲಿ. ಅಲ್ಲಿ ಗಟ್ಟಿ ಇದ್ದರೆ ಕಾರು ಉಳಿಯುತ್ತೆ. ಅಲ್ಲೂ ಟೊಳ್ಳಾಗಿದ್ದರೆ ನನ್ನ ಕೈಲಿ ಆಗಲ್ಲ, ವಾಪಸ್ ತಗೊಂಡು ಹೋಗಿ." ವಾಪಸ್ ಎಂದರೆ ಗುಜರಿಗೆ ಎಂದು ಎಲ್ಲರಿಗೂ ಅರ್ಥವಾಗಿತ್ತು.

ಮರುದಿನ ದುರ್ಗಾಷ್ಟಮಿ. ಮೇಟಗಳ್ಳಿಯ ಕಡೆ ಕಾರ್ಖಾನೆಗಳ ಸಾಲಿನ ಹಿಂದೆ, ಹೊಂಗೆ ಮರದ ಕೆಳಗೊಂದು ತಗಡಿನ ಶೆಡ್ಡು. ಮೇಸ್ತ್ರಿಗೆ ಅರವತ್ತರ ಹತ್ತಿರದ ವಯಸ್ಸು. ಹುಡುಗನಾಗಿದ್ದಾಗ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕಲಿತವರು. ದೇಶಕ್ಕೆಲ್ಲ ಜಾವಾ, ಯೆಜ್ಡಿ ಮೋಟಾರ್ ಸೈಕಲು ಕೊಟ್ಟ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿಂದ ಹೊರಬಂದು ಹಳೇ ಗಾಡಿಗಳ ಕೆಲಸ ಹಿಡಿದರಂತೆ.

ನಮ್ಮ ಕಾರನ್ನು ನೋಡಿ ನನಗೆ ಎದೆ ಧಸಕ್ಕೆಂದಿತು. ಇಂಜಿನ್ ಇಲ್ಲ, ಗೇರ್‌ಬಾಕ್ಸ್ ಇಲ್ಲ, ಸೀಟಿಲ್ಲ, ಗಾಜಿಲ್ಲ, ಬಾಗಿಲಿಲ್ಲ, ಚಕ್ರವಿಲ್ಲ. ಪೆಟ್ರೋಲ್ ಟ್ಯಾಂಕನ್ನು ಎಲ್ಲಕ್ಕಿಂತ ಮೊದಲೇ ಬಿಚ್ಚಿ ಹೊರಗಿಟ್ಟಿದ್ದರು, ವೆಲ್ಡಿಂಗ್ ಕಿಡಿ ಹಾರುವ ಕಡೆ ಪೆಟ್ರೋಲಿನ ಹನಿಯೂ ಇರಬಾರದು. ಉಳಿದದ್ದು ನಾಲ್ಕು ಕಬ್ಬಿಣದ ಕುದುರೆಗಳ ಮೇಲೆ ಕೂತ ಖಾಲಿ ಗೂಡು. ಬಿಚ್ಚಿದ ಒಂದೊಂದು ನಟ್ಟು-ಬೋಲ್ಟನ್ನೂ ಹೆಸರು ಬರೆದ ಡಬ್ಬಿಗಳಲ್ಲಿ ಜೋಡಿಸಿಟ್ಟಿದ್ದರು.

"ಏಯ್, ಪುಟ್ಟಿ ಡಬ್ಬಿ ಎತ್ತಿ ಆ ಕಡೆ ಇಡ್ರೋ!" ಎಂದು ಮೇಸ್ತ್ರಿ ಹುಡುಗರಿಗೆ ಕೂಗಿದರು. ನಮ್ಮ ಪುಟ್ಟಿ ಹೆದರಿ ನನ್ನ ಬೆನ್ನ ಹಿಂದೆ ಸೇರಿಕೊಂಡಳು. ತಗಡಿನ ತಗ್ಗು ತುಂಬಲು ಬಳಿಯುವ ಲೇಪಕ್ಕೂ ಪುಟ್ಟಿ ಎನ್ನುತ್ತಾರೆಂದು ತಿಳಿದ ಮೇಲೆ ಇಡೀ ಶೆಡ್ಡೇ ನಕ್ಕಿತು.

ಕಾರಿನ ಮುಂದೊಂದು, ಹಿಂದೊಂದು ಕಬ್ಬಿಣದ ಸ್ಟ್ಯಾಂಡು ನಿಂತಿತ್ತು. ಪ್ರತಿಯೊಂದಕ್ಕೂ ಕೆಳಗೆ ಪುಟ್ಟ ಚಕ್ರಗಳು, ಮೇಲೆ ಗರಗರ ತಿರುಗುವ ದಪ್ಪ ಕೊಳವೆ, ಅದಕ್ಕೆ ಎರಡು ತೋಳು. ಇಂಗ್ಲಿಷಿನಲ್ಲಿ ಇದಕ್ಕೆ ರೊಟಿಸರಿ ಎಂದು ಹೆಸರು. ಮಾಂಸವನ್ನು ಸರಳಿಗೆ ಚುಚ್ಚಿ ಬೆಂಕಿಯೆದುರು ತಿರುಗಿಸುತ್ತಾ ಬೇಯಿಸುವ ಸಾಧನದ ಹೆಸರನ್ನೇ ಕಾರಿನವರು ಎರವಲು ಪಡೆದಿದ್ದಾರೆ. ಮೇಸ್ತ್ರಿಯ ಬಾಯಲ್ಲಿ ಅದು ತೊಟ್ಟಿಲು.

"ಮಲಗಿಕೊಂಡೇ ಕೆಳಗಿನ ಕೆಲಸ ಮಾಡಬಹುದಲ್ಲ?" ಎಂದೆ.

ಮೇಸ್ತ್ರಿ ಅಂಗಿಯ ತೋಳು ಮಡಚಿ ತೋರಿಸಿದರು. ಮೊಣಕೈವರೆಗೂ ಸುಟ್ಟ ಚುಕ್ಕೆಗಳು. "ಮೂವತ್ತು ವರ್ಷ ಗೋಣಿಚೀಲದ ಮೇಲೆ ಅಂಗಾತ ಮಲಗಿ ವೆಲ್ಡಿಂಗ್ ಮಾಡಿದ್ದೀನಿ. ಕರಗಿದ ಕಬ್ಬಿಣ ಎಲ್ಲಿ ಬೀಳುತ್ತೆ ಹೇಳಿ? ಮೈಮೇಲೇ. ಹಳೇ ಟೈರುಗಳ ಮೇಲೆ ಕಾರನ್ನ ಒಂದು ಮಗ್ಗುಲಿಗೆ ಉರುಳಿಸಿಯೂ ಮಾಡ್ತಿದ್ವಿ. ಆಗ ಆ ಮಗ್ಗುಲು ನಜ್ಜುಗುಜ್ಜು. ಇದರಲ್ಲಿ ಹಾಗಲ್ಲ, ಕೆಲಸದ ಜಾಗವೇ ನನ್ನ ಕಣ್ಣ ಮುಂದೆ ಬರುತ್ತೆ."

ಬಾಗಿಲಿದ್ದ ಜಾಗದಲ್ಲಿ ಅಡ್ಡಡ್ಡ ಪೈಪು ಬೆಸೆದಿದ್ದರು. ಯಾಕೆಂದು ಪುಟ್ಟಿ ಕೇಳಿದಾಗ ಮೇಸ್ತ್ರಿ ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ಒಳಗಿನ ತಟ್ಟೆ ಎಳೆದು ಬರೀ ಹೊರಗೂಡನ್ನು ಅವಳ ಕೈಗಿಟ್ಟು ಒತ್ತಲು ಹೇಳಿದರು. ಗೂಡು ಓರೆಯಾಗಿ ಚಪ್ಪಟೆಯಾಯಿತು. "ನೋಡಿದೆಯಾ ಮರಿ? ಲಾರಿಗೆ ಬೇರೆ ಚಾಸಿ ಇರುತ್ತೆ, ಮೇಲಿನ ಗೂಡು ತೆಗೆದರೂ ಅದು ನಿಲ್ಲುತ್ತೆ. ಈ ಕಾರಿಗೆ ಗೂಡೇ ಬೆನ್ನುಮೂಳೆ. ತಳ ಕತ್ತರಿಸುವಾಗ ಆಸರೆ ಇಲ್ಲದಿದ್ದರೆ ಇಡೀ ಕಾರು ಸೊಟ್ಟಗಾಗುತ್ತೆ. ಆಮೇಲೆ ಯಾವ ಬಾಗಿಲೂ ಕೂರಲ್ಲ."

ಈಗ ಪರೀಕ್ಷೆಯ ಹೊತ್ತು. ಮೇಸ್ತ್ರಿ ಸಣ್ಣ ಸುತ್ತಿಗೆ ಹಿಡಿದು ಬಂಪರ್ ಕೂರುವ ಜಾಗಗಳನ್ನು ಬಡಿಯುತ್ತ ಬಂದರು. ಮುಂದೆ ಎಡಕ್ಕೆ ಠಣ್. ಬಲಕ್ಕೆ ಠಣ್. ಹಿಂದೆ ಬಲಕ್ಕೆ ಠಣ್. ಹಿಂದೆ ಎಡಕ್ಕೆ... ದಬ್.

ಯಾರೂ ಮಾತಾಡಲಿಲ್ಲ. ಅಪ್ಪಯ್ಯ ಮುಂದೆ ಹೋಗಿ, "ಒಂದ್ ಗಳಿಗೆ ಕೊಡಿ" ಎಂದು ಸುತ್ತಿಗೆ ಇಸಿದುಕೊಂಡರು. ಹೊಟ್ಟೆಯುಬ್ಬರಿಸಿದ ದನದ ಪಕ್ಕೆ ತಟ್ಟಿ ಸದ್ದು ಕೇಳುತ್ತಿದ್ದಂತೆಯೇ ಕಿವಿಕೊಟ್ಟು, ಬೆರಳಗಲ ಬೆರಳಗಲಕ್ಕೆ ಬಡಿಯುತ್ತ ಹೋದರು. ದಬ್, ದಬ್, ದಬ್, ಠಣ್. ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದರು. ಹಾಗೆಯೇ ಸುತ್ತ ಬಡಿದಾಗ ಅಂಗೈಯಗಲದ ಒಂದು ವೃತ್ತ ಮೂಡಿತು.

ಮೇಸ್ತ್ರಿ ಸ್ಕ್ರೂಡ್ರೈವರಿನಿಂದ ವೃತ್ತದೊಳಗೆ ಚುಚ್ಚಿದರು, ಒಳಹೋಯಿತು. ವೃತ್ತದ ಹೊರಗೆ ಚುಚ್ಚಿದರು, ಹೋಗಲಿಲ್ಲ. ಅವರ ಮುಖ ಸಡಿಲವಾಯಿತು. "ಇಷ್ಟೇ ಜಾಗ, ಡಾಕ್ಟ್ರೇ. ಕೊಳೆತದ್ದು ಕತ್ತರಿಸಿ ಗಟ್ಟಿ ಇರೋ ಕಡೆಗೆ ದಪ್ಪ ಪ್ಲೇಟು ಬೆಸೆದರೆ ಭಾರ ಹಂಚಿಹೋಗುತ್ತೆ. ಹಿಡಿಯುತ್ತೆ."

ಆ ಕೆಲಸಕ್ಕೆ ಮಧ್ಯಾಹ್ನವಾಯಿತು. ಊಟ ಮುಗಿಸಿ ಬರುವಷ್ಟರಲ್ಲಿ ಎರಡೂ ಸ್ಟ್ಯಾಂಡಿನ ತೋಳುಗಳನ್ನು ಕಾರಿಗೆ ಬೋಲ್ಟು ಹಾಕಿ ಬಿಗಿದಿದ್ದರು. ಜ್ಯಾಕಿನಿಂದ ಸ್ವಲ್ಪ ಸ್ವಲ್ಪವೇ ಎತ್ತಿ, ಕುದುರೆಗಳನ್ನು ಎಳೆದು ತೆಗೆದರು. ಕಾರು ಗಾಳಿಯಲ್ಲಿ ನಿಂತಿತು! ಪುಟ್ಟಿ ಚಪ್ಪಾಳೆ ತಟ್ಟಿದಳು.

"ತಡಿ ಮರಿ, ಇನ್ನೂ ತೂಕ ಸಿಕ್ಕಿಲ್ಲ" ಎಂದರು ಮೇಸ್ತ್ರಿ. ಇಲ್ಲಿದೆ ಈ ತೊಟ್ಟಿಲಿನ ಗುಟ್ಟು. ತಿರುಗುವ ಕೊಳವೆ ಕಾರಿನ ಭಾರದ ನಡುಬಿಂದುವಿಗೆ ಸರಿಯಾಗಿರಬೇಕು. ಕೊಳವೆ ಆ ಬಿಂದುವಿಗಿಂತ ಕೆಳಗಿದ್ದರೆ ಮೇಲ್ಭಾರವಾಗಿ ಕಾರು ತಟಕ್ಕನೆ ಮಗುಚಿಕೊಳ್ಳುತ್ತದೆ, ಹತ್ತಿರ ನಿಂತವರ ಕೈಕಾಲು ಮುರಿಯಬಹುದು. ತೀರಾ ಮೇಲಿದ್ದರೆ ಎಷ್ಟು ತಿರುಗಿಸಿದರೂ ಉಯ್ಯಾಲೆಯಂತೆ ವಾಪಸ್ ಬರುತ್ತದೆ. ಮೊದಲ ಸಲ ನಮ್ಮ ಕಾರು ಹಾಗೆಯೇ ವಾಪಸ್ ಬಂತು. ಕೊಳವೆಯನ್ನು ಎರಡೂ ಕಡೆ ಎರಡು ಬೆರಳಿನಷ್ಟು ಇಳಿಸಿದರು. ನಮ್ಮನ್ನೆಲ್ಲ ದೂರ ನಿಲ್ಲಿಸಿ ಮತ್ತೆ ತಿರುಗಿಸಿದರು. ಓರೆಯಾಗಿ ಬಿಟ್ಟರೆ ಓರೆಯಾಗಿಯೇ ನಿಂತಿತು. ಅಡ್ಡಲಾಗಿ ಬಿಟ್ಟರೆ ಅಡ್ಡಲಾಗಿಯೇ. "ಈಗ ಸಿಕ್ತು!" ಎಂದು ತಿರುಗದಂತೆ ಪಿನ್ನು ತೂರಿಸಿದರು.

ನಮ್ಮ ಕಾರಿನ ಹೊಟ್ಟೆಯನ್ನು ನಾನು ಮೊದಲ ಸಲ ನೋಡಿದ್ದು ಆಗ. ಎಷ್ಟೋ ವರ್ಷದ ಕೆಸರು, ಡಾಂಬರು, ಅಂಟಿಕೊಂಡ ಮರಳು. ಹಿಂದಿನ ಸೀಟಿನ ಎದುರು ಡಾಂಬರು ಮೆತ್ತಿದ ಒಂದು ಚೌಕ. ಮೇಸ್ತ್ರಿ ಅದನ್ನು ಬಿಸಿ ಮಾಡಿ ಕೆರೆದಾಗ ಕೆಳಗಿನಿಂದ ನೀಲಿ ಬಣ್ಣ ಇಣುಕಿತು. ಆಮೇಲೊಂದು ಹಳದಿ ಹೂವು. ಬಿಸ್ಕತ್ ಡಬ್ಬಿಯ ಮುಚ್ಚಳ!

"ಇದ್ ನಾನೇ ಹಾಕಿದ್ದ್" ಎಂದರು ಅಪ್ಪಯ್ಯ.

ಮೇಸ್ತ್ರಿ ಉಳಿಯಿಂದ ರಿವೆಟ್ಟು ಹಾರಿಸಿ ಮುಚ್ಚಳ ಎಬ್ಬಿಸಿದರು. ಕೆಳಗೆ ಅಂಗೈಯಗಲದ ತೂತು ಊಟದ ತಟ್ಟೆಯಷ್ಟು ದೊಡ್ಡದಾಗಿತ್ತು. ಅಂಚಿನ ತಗಡು ಮುಟ್ಟಿದರೆ ಹಪ್ಪಳದಂತೆ ಪುಡಿಯಾಯಿತು. "ಬೇಜಾರು ಮಾಡ್ಕೋಬೇಡಿ ಡಾಕ್ಟ್ರೇ. ಮುಚ್ಚಳ ಹಾಕಿದ್ದಕ್ಕೇ ಇಷ್ಟಾಗಿದ್ದು. ಸಂದಿಯಲ್ಲಿ ಒಳಬಂದ ಉಪ್ಪುನೀರನ್ನ ಡಾಂಬರು ಹೊರಗೆ ಬಿಟ್ಟಿಲ್ಲ."

ಅಪ್ಪಯ್ಯ ತುಸು ಹೊತ್ತು ಸುಮ್ಮನಿದ್ದರು. ಆಮೇಲೆ, "ಹೌದು. ಗಾಯ ಕಾಣದ ಹಾಗೆ ಮುಚ್ಚಿಬಿಟ್ರೆ ಒಳ್ಗೆ ಕೀವ್ ಆತ್. ದನಕ್ಕಾದ್ರೆ ಹಾಗೆ ಮಾಡ್ತಿರ್ಲಿಲ್ಲ ನಾನು" ಎಂದರು. ನನ್ನ ಕಡೆ ತಿರುಗಿ ಹೇಳಿದ್ದು ಆಮೇಲೆ. "ಆ ದಿನ ಹೋದದ್ದು ನಿನ್ನ ಚಪ್ಪಲಿ. ಕಾಲೇ ಹೋಗಿದ್ರೆ ಅಂತ ರಾತ್ರಿ ನಿದ್ದೆ ಬರ್ಲಿಲ್ಲ. ಹನ್ನೊಂದು ಗಂಟೆಗೆ ಎದ್ದು ಲಾಟೀನು ಹಿಡ್ಕೊಂಡು ಬಂದೆ. ಕೈಗೆ ಸಿಕ್ಕಿದ್ದು ಆ ಮುಚ್ಚಳ."

ಎರಡು ದಿನ ಮಾತು ಬಿಟ್ಟಿದ್ದ ಹುಡುಗಿಗೆ ಇದು ಗೊತ್ತಿರಲಿಲ್ಲ. ಇಷ್ಟು ವರ್ಷ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನನಗೆ ಏನು ಹೇಳಬೇಕೋ ತೋಚದೆ ಅವರ ಕೈ ಹಿಡಿದುಕೊಂಡೆ.

ವಾತಾವರಣ ತಿಳಿಯಾಗಿಸಿದವಳು ಪುಟ್ಟಿ. "ಅಜ್ಜ, ಕಾರಿಗೆ ತಲೆ ಸುತ್ತೋದಿಲ್ವಾ?"

ಅಪ್ಪಯ್ಯ ನಕ್ಕರು. "ಇಲ್ಲ ಮಗಾ. ಬಿದ್ದ ದನ ಏಳದೇ ಇದ್ರೆ ನಾವು ಎಂತ ಮಾಡ್ತಿದ್ದೆವು ಗೊತ್ತುಂಟಾ? ಒಂದೇ ಮಗ್ಗುಲಲ್ಲಿ ಬಿಟ್ರೆ ಅದರ ಭಾರಕ್ಕೇ ಕೆಳಗಿನ ಕಾಲಿನ ಮಾಂಸ ಸಾಯ್ತದೆ. ಅದಕ್ಕೆ ಕೆಲವು ಗಂಟೆಗೊಮ್ಮೆ ಆಚೆ ಮಗ್ಗುಲು, ಈಚೆ ಮಗ್ಗುಲು. ಮನೆಯವ್ರೆಲ್ಲ ಸೇರಿ, ರಾತ್ರಿಯಿಡೀ. ಮದ್ದು ಕೊಟ್ರೆ ಸಾಲದು, ಹೊರಳ್ಸ್ಕ್."

"ನಮ್ಮ ಕೆಲಸವೂ ಅದೇ ನೋಡಿ" ಎಂದ ಮೇಸ್ತ್ರಿ ಮುಂದಿನದ್ದನ್ನು ವಿವರಿಸಿದರು. ಕೆಸರು, ಡಾಂಬರು ಕೆರೆದು ತೆಗೆಯಬೇಕು. ಟೊಳ್ಳಾದ ತಗಡನ್ನು ಗಟ್ಟಿ ಸಿಗುವವರೆಗೆ ಕತ್ತರಿಸಬೇಕು, ಅದೇ ಅಳತೆಯ ಹೊಸ ತಗಡು ಕೂರಿಸಬೇಕು. ಒಂದೇ ಕಡೆಯಿಂದ ಬೆಸೆಯುತ್ತ ಹೋದರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ. ಅದಕ್ಕೇ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಬೆಸೆದು, ಆರಲು ಬಿಟ್ಟು, ಮತ್ತೆ ನಡುವೆ ತುಂಬುವುದು. ಆಮೇಲೆ ತುಕ್ಕು ತಡೆಯುವ ಪ್ರೈಮರು, ಸಂದಿಗಳಿಗೆ ಸೀಲರು, ಕೊನೆಗೆ ಬಣ್ಣ. ಕಾರನ್ನು ತಿರುಗಿಸುತ್ತ ಇದ್ದರೆ ಬಣ್ಣ ಮೂಲೆಮೂಲೆಗೂ ಸೇರುತ್ತದೆ. ನೀರಿಳಿಯಲೆಂದು ಕಂಪನಿಯವರೇ ಬಿಟ್ಟ ತೂತುಗಳನ್ನು ಮಾತ್ರ ಮುಚ್ಚಬಾರದು. ಎಲ್ಲಾ ಸೇರಿ ಇನ್ನೂ ಆರು ತಿಂಗಳು. ಖರ್ಚು ಕಾರಿನ ಬೆಲೆಗಿಂತ ಹೆಚ್ಚು. ತಮ್ಮನೂ ನಾನೂ ಹಂಚಿಕೊಳ್ಳುವುದೆಂದು ಅಲ್ಲೇ ತೀರ್ಮಾನಿಸಿದೆವು.

ಶ್ರೀರಂಗಪಟ್ಟಣದ ಹತ್ತಿರ 'ಪಯಣ' ಎಂಬ ಹಳೇ ಕಾರುಗಳ ಸಂಗ್ರಹಾಲಯವಿದೆ. ಮೈಸೂರಿಗೆ ಬಂದವರು ಮಕ್ಕಳನ್ನು ಕರೆದುಕೊಂಡು ಹೋಗಿ. ಅಲ್ಲಿ ಫಳಫಳ ಹೊಳೆಯುವ ಕಾರುಗಳನ್ನು ನೋಡುವಾಗ ಒಂದು ಸಲ ಬಗ್ಗಿ ಕೆಳಗೂ ಕಣ್ಣು ಹಾಯಿಸಿ. ಮೇಲಿನ ಹೊಳಪಿನ ಹಿಂದೆ ಕಾಣದ ತಳದ ಕೆಲಸ ಎಷ್ಟಿರುತ್ತದೆಂದು ಆ ಶೆಡ್ಡು ನೋಡಿದ ಮೇಲೆ ನನಗೆ ಗೊತ್ತಾಯಿತು.

ಮರುದಿನ ಆಯುಧಪೂಜೆ. ಹೊರಡುವ ಮುಂಚೆ ಶೆಡ್ಡಿಗೆ ಬರಲೇಬೇಕೆಂದು ಮೇಸ್ತ್ರಿ ಹೇಳಿದ್ದರು. ಅಂದು ಯಾರೂ ಸಲಕರಣೆ ಮುಟ್ಟುವಂತಿಲ್ಲ. ಸುತ್ತಿಗೆ, ಸ್ಪ್ಯಾನರು, ವೆಲ್ಡಿಂಗ್ ಮೆಷಿನ್ನು ಎಲ್ಲಕ್ಕೂ ಅರಿಸಿನ-ಕುಂಕುಮ. ತೊಟ್ಟಿಲಿನಲ್ಲಿ ನೆಟ್ಟಗೆ ನಿಂತ ನಮ್ಮ ಪದ್ಮಿನಿಗೆ ಚೆಂಡುಹೂವಿನ ಹಾರ. ಬೂದುಗುಂಬಳ ಒಡೆದಾಯಿತು. ಇನ್ನು ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕು. ಕೈಯಲ್ಲಿ ಹಣ್ಣು ಹಿಡಿದ ಪುಟ್ಟಿ ಕಾರನ್ನು ಒಂದು ಸುತ್ತು ಬಂದು ನಿಂತಳು.

"ಚಕ್ರವೇ ಇಲ್ಲ! ಎಲ್ಲಿಡೋದು?"

ಹುಡುಗರು ತಲೆ ಕೆರೆದುಕೊಂಡರು. ಅಪ್ಪಯ್ಯ ಊರುಗೋಲಿನ ತುದಿಯಿಂದ ಸ್ಟ್ಯಾಂಡಿನ ಕೆಳಗಿದ್ದ ಪುಟ್ಟ ಚಕ್ರಗಳನ್ನು ತೋರಿಸಿದರು. ಪುಟ್ಟಿ ಒಂದೊಂದರ ಮುಂದೆಯೂ ಒಂದೊಂದು ಹಣ್ಣಿಟ್ಟಳು. ಎಲ್ಲರೂ ಸೇರಿ ತೊಟ್ಟಿಲನ್ನು ಒಂದು ಗೇಣು ಮುಂದೆ ತಳ್ಳಿದೆವು. ನಿಂಬೆಹಣ್ಣು ಚಟ್ಟೆಂದು ಒಡೆದವು.

ಹನ್ನೆರಡು ವರ್ಷದ ಮೇಲೆ ಪದ್ಮಿನಿ ಮುಂದಕ್ಕೆ ಹೋದದ್ದು ಒಂದು ಗೇಣು.

ಕಡಲೆಪುರಿಯ ಪೊಟ್ಟಣದ ಜೊತೆಗೆ ಮೇಸ್ತ್ರಿ ಅಪ್ಪಯ್ಯನ ಕೈಗೆ ಹಳೇ ಪೇಪರಿನಲ್ಲಿ ಸುತ್ತಿದ ಏನನ್ನೋ ಕೊಟ್ಟರು. ವಾಪಸ್ ಬರುವಾಗ ಸಂಪಾಜೆ ಘಟ್ಟ ಇಳಿಯುವವರೆಗೂ ಅಪ್ಪಯ್ಯ ಅದನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಅದು ಈಗ ನಮ್ಮ ಅಡುಗೆಮನೆಯ ಗೋಡೆಯ ಮೇಲಿದೆ. ನೀಲಿ ಬಣ್ಣ, ಹಳದಿ ಹೂವು, ನಾಲ್ಕು ಮೂಲೆಗೂ ರಿವೆಟ್ಟಿನ ತೂತು.